ಜೇಬಿಲ್ಲದ ಅಂಗಿಯ ಇಲಿಮಾವ

ಬೆಳಗಿನ ಐದೂವರೆ. ಔಷಧ ವಿಜ್ಞಾನ ಕಾಲೇಜಿನ ಹಿಂಬದಿಯ ಒಂಟಿ ಕಟ್ಟಡದ ಬಾಗಿಲ ಮುಂದೆ ಒಬ್ಬರು ನಿಂತು ಎರಡು ಸಲ ಕೆಮ್ಮುತ್ತಾರೆ. ಅವರಿಗೆ ನೆಗಡಿಯೇನೂ ಆಗಿಲ್ಲ. ತಾವು ಬಂದಿದ್ದೇವೆ ಎಂದು ಒಳಗಿರುವವರಿಗೆ ತಿಳಿಸುವ ರೀತಿ ಅದು. ಒಳಗಿರುವವರು ಇನ್ನೂರ ಹತ್ತು ಬಿಳಿ ಇಲಿಗಳು.

"ದಢಾರ್ ಅಂತ ಬಾಗಿಲು ತೆಗೆದ್ರೆ ಪಾಪ, ಎದೆ ಹೊಡ್ಕೊಳ್ಳುತ್ತೆ ಅವಕ್ಕೆ. ನಿಮ್ಮ ಮನೆಗೆ ಯಾರಾದ್ರೂ ಹಾಗೆ ನುಗ್ಗಿದ್ರೆ ನೀವು ಸುಮ್ನಿರ್ತೀರಾ?" ಎನ್ನುತ್ತಾ ಅವರು ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ರಬ್ಬರ್ ಚಪ್ಪಲಿ ಮೆಟ್ಟುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾನೂ ಹಿಂದೆಯೇ ಹೆಜ್ಜೆ ಇಡಲು ಹೋದರೆ ಅಡ್ಡ ಕೈ ಹಿಡಿಯುತ್ತಾರೆ. "ನಿಂತ್ಕೊಳ್ಳಿ. ಜೇಬು ತೋರಿಸಿ."

ತೋರಿಸುತ್ತೇನೆ. ಕೀಲಿ, ಪೆನ್ನು, ಕರವಸ್ತ್ರ, ಎರಡು ಪೆಪ್ಪರಮಿಂಟು. ಪೆಪ್ಪರಮಿಂಟು ಕಂಡದ್ದೇ ತಡ, ಕಳ್ಳಮಾಲು ಸಿಕ್ಕ ಪೊಲೀಸನ ಹಾಗೆ ಅವರ ಮುಖ ಅರಳುತ್ತದೆ. ಕಿಟಕಿಯ ಕಟ್ಟೆಯ ಮೇಲೆ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಇದೆ. ಒಳಗೆ ಹೋಗುವವರೆಲ್ಲ ತಿನ್ನುವ ವಸ್ತುಗಳನ್ನು ಅದರಲ್ಲಿ ಹಾಕಿ ಹೋಗಬೇಕು. ನಿನ್ನೆ ಬಂದ ಪ್ರಾಂಶುಪಾಲರ ಅರ್ಧ ಬಾಳೆಹಣ್ಣು ಅದರಲ್ಲಿ ಕಪ್ಪಾಗಿ ಮಲಗಿದೆ. ನನ್ನ ಪೆಪ್ಪರಮಿಂಟುಗಳು ಅದರ ಪಕ್ಕದಲ್ಲಿ ಕೂರುತ್ತವೆ.

ಆಗ ನನ್ನ ಕಣ್ಣು ಅವರ ಅಂಗಿಯ ಮೇಲೆ ಬೀಳುತ್ತದೆ. ಎಡಗಡೆ ಎದೆಯ ಮೇಲೆ ಅಂಗೈಯಗಲದ ಒಂದು ಚೌಕ ಮಾತ್ರ ಮಿಕ್ಕ ಬಟ್ಟೆಗಿಂತ ಗಾಢ ಬಣ್ಣ. ಸುತ್ತ ಬಿಚ್ಚಿದ ಹೊಲಿಗೆಯ ಸಣ್ಣ ತೂತುಗಳು. ಅಲ್ಲೊಂದು ಜೇಬಿತ್ತು, ಈಗಿಲ್ಲ. ಪ್ಯಾಂಟಿನ ಎರಡು ಜೇಬುಗಳ ಬಾಯನ್ನೂ ದಾರದಿಂದ ಹೊಲಿದುಬಿಟ್ಟಿದ್ದಾರೆ. ಬಾಗಿಲ ಕೀಲಿ ಕೊರಳಲ್ಲಿ ನೇತಾಡುತ್ತಿದೆ, ಬ್ಯಾಟರಿ ಸೊಂಟಕ್ಕೆ ಕಟ್ಟಿದ ದಾರದಲ್ಲಿದೆ.

"ಜೇಬು ಎಲ್ಲಿ ಹೋಯ್ತು?" ಎನ್ನುತ್ತೇನೆ.

"ಅದೊಂದು ದೊಡ್ಡ ಕಥೆ. ಮೊದಲು ಕೆಲಸ" ಎಂದು ಒಳಗೆ ಹೋಗುತ್ತಾರೆ.

ಐವತ್ತಾರು ವರ್ಷದ ಇವರನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುವುದು ಇಲಿಮಾವ ಎಂದೇ. ಹಾಜರಿ ಪುಸ್ತಕದಲ್ಲಿರುವ ಹೆಸರನ್ನು ಕೇಳಿದರೆ ಕಚೇರಿಯ ಗುಮಾಸ್ತರೂ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾರೆ. ಎಂಟು ವರ್ಷದಿಂದ ಇವರು ಪ್ರಯೋಗಾಲಯದ ಇಲಿಮನೆಯ ಪಾಲಕರು. ಪಂಜರಗಳು ಅರವತ್ತು, ನೀರಿನ ಬಾಟಲಿಗಳು ಅರವತ್ತು. ದಿನಕ್ಕೆ ಮೂವತ್ತು ಪಂಜರಗಳನ್ನು ತೊಳೆದು ಒಣಗಿಸಬೇಕು, ಹೊಸದಾಗಿ ಮರದ ಹೊಟ್ಟು ಹಾಸಬೇಕು, ಸುಮಾರು ನಾಲ್ಕು ಕಿಲೋ ತಿಂಡಿ ಹಂಚಬೇಕು. ಕೋಣೆಯ ಶಾಖ ಇಪ್ಪತ್ತೆರಡು ಡಿಗ್ರಿಗಿಂತ ಇಳಿಯಬಾರದು, ಇಪ್ಪತ್ತನಾಲ್ಕಕ್ಕಿಂತ ಏರಬಾರದು. "ನಮ್ಮನೇಲಿ ಫ್ಯಾನೇ ಕುಂಟುತ್ತೆ, ಇವಕ್ಕೆ ಎಸಿ. ಪುಣ್ಯ ಮಾಡಿ ಬಂದಿರೋವು" ಎಂದು ನಗುತ್ತಾರೆ.

ಇವತ್ತು ಅವರ ಲಕ್ಷ್ಯವೆಲ್ಲ ಗೋಡೆ ಪಕ್ಕದ ಹನ್ನೆರಡು ಪಂಜರಗಳ ಮೇಲೆ. ಒಂದೊಂದರಲ್ಲಿ ನಾಲ್ಕು, ಒಟ್ಟು ನಲವತ್ತೆಂಟು ಇಲಿಗಳು. ನಿನ್ನೆ ಬೆಳಿಗ್ಗೆಯಿಂದ ಇವಕ್ಕೆ ನೀರು ಬಿಟ್ಟು ಬೇರೇನೂ ಇಲ್ಲ. ಪಂಜರದ ನೆಲ ಕೂಡ ತಂತಿ ಬಲೆ, ಮೆಲ್ಲಲು ಹೊಟ್ಟೂ ಸಿಗಬಾರದೆಂದು. ಇಲಿಮಾವ ಬ್ಯಾಟರಿ ಹಿಡಿದು ಒಂದೊಂದೇ ಪಂಜರದ ಮೂಲೆ ಮೂಲೆ ನೋಡುತ್ತಾರೆ. ಎಲ್ಲಾದರೂ ಒಂದು ಚೂರು ತಿಂಡಿ ಸಿಕ್ಕಿಕೊಂಡಿದೆಯೋ, ಪಕ್ಕದ ಪಂಜರದಿಂದ ಏನಾದರೂ ಉರುಳಿ ಬಂದಿದೆಯೋ ಎಂದು. ಇಲಿಗಳು ಮುಂಗಾಲನ್ನು ತಂತಿಯ ಮೇಲಿಟ್ಟು, ಮೂತಿ ಹೊರಹಾಕಿ, ಮೀಸೆ ಅಲ್ಲಾಡಿಸುತ್ತಾ ಅವರನ್ನೇ ನೋಡುತ್ತವೆ. ಅವರು ಆ ಕಡೆ ನೋಡದೆ ಕೆಲಸ ಮುಂದುವರಿಸುತ್ತಾರೆ. ಬ್ಯಾಟರಿಯ ಬೆಳಕು ಮಾತ್ರ ಒಂದು ಪಂಜರದ ಮುಂದೆ ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲುತ್ತದೆ.

ಇಷ್ಟೆಲ್ಲ ಯಾಕೆ ಎಂಬುದನ್ನು ನನಗೆ ತಿಳಿಸಿದವರು ಈ ಪ್ರಯೋಗದ ಮುಖ್ಯಸ್ಥೆ. ಇಲಿಮಾವನ ಬಾಯಲ್ಲಿ ಮೇಡಂ. ಮೂವತ್ತಾರರ ಆಸುಪಾಸು, ಮಾತು ಚುರುಕು. ನಾವು ನುಂಗುವ ನೋವಿನ ಮಾತ್ರೆಗಳಲ್ಲಿ ಕೆಲವು ನೋವನ್ನು ಓಡಿಸುವ ಜೊತೆಗೆ ಹೊಟ್ಟೆಯ ಒಳಗೋಡೆಯ ಮೇಲಿರುವ ಲೋಳೆಯಂಥ ರಕ್ಷಣೆಯನ್ನೂ ತೆಳ್ಳಗೆ ಮಾಡುತ್ತವೆ. ಆಗ ಹೊಟ್ಟೆಯ ಆಮ್ಲ ಹೊಟ್ಟೆಯನ್ನೇ ಸುಡುತ್ತದೆ. ಗಾಯವಾಗುತ್ತದೆ, ಕೆಲವರಿಗೆ ರಕ್ತವೂ ಸೋರುತ್ತದೆ. ಕಾಲೇಜಿನ ಬೇಲಿಗೆ ಹಬ್ಬಿರುವ ಒಂದು ಬಳ್ಳಿಯ ಎಲೆಯಿಂದ ತೆಗೆದ ಸಾರವನ್ನು ಮೊದಲೇ ಕುಡಿಸಿದರೆ ಆ ಗೋಡೆ ಉಳಿಯುತ್ತದೆಯೇ? ಇದು ಮೇಡಂ ಅವರ ಪ್ರಶ್ನೆ. ಅದು ಸರಿಯಾಗಿ ಗೊತ್ತಾಗಬೇಕಾದರೆ ಹೊಟ್ಟೆ ಖಾಲಿ ಇರಬೇಕು. ತಿಂಡಿ ಇದ್ದರೆ ಮಾತ್ರೆಯ ಪೆಟ್ಟು ಹೊಟ್ಟೆಗೆ ಅಷ್ಟಾಗಿ ತಾಗುವುದಿಲ್ಲ.

ಬಳ್ಳಿಯ ಹೆಸರೇನು ಎಂದರೆ ಮೇಡಂ ಕೈ ಮುಗಿಯುತ್ತಾರೆ. "ದಯವಿಟ್ಟು ಬರೀಬೇಡಿ. ಭಾನುವಾರ ನಿಮ್ಮ ಪತ್ರಿಕೆ ಬಂದ್ರೆ ಸೋಮವಾರ ನಮ್ಮ ಬೇಲೀಲಿ ಒಂದು ಎಲೆ ಇರಲ್ಲ. ಕಿತ್ತು ಕಷಾಯ ಮಾಡ್ಕೊಂಡು ಕುಡಿದಿರ್ತಾರೆ. ಇಲಿ ಹೊಟ್ಟೆಗೆ ಆಗಿದ್ದು ನಮ್ಮ ಹೊಟ್ಟೆಗೂ ಆಗುತ್ತೆ ಅಂತ ಇನ್ನೂ ಯಾರೂ ಹೇಳಿಲ್ಲ."

ಹೀಗಾಗಿ ಈ ಬರಹದಲ್ಲಿ ಅದು ಬರೀ ಬಳ್ಳಿ. ಆದರೆ ಅದನ್ನು ನೆಟ್ಟವರು ಯಾರು ಎಂದು ಬರೆಯಲು ಅಡ್ಡಿಯಿಲ್ಲ. ನೆಟ್ಟವರು ಇಲಿಮಾವ.

ಇಲಿಮನೆಗೆ ಬರುವ ಮುಂಚೆ ಒಂಬತ್ತು ವರ್ಷ ಅವರು ಇದೇ ಕಾಲೇಜಿನ ತೋಟದ ಮಾಲಿ. ಯಾರೋ ತಂದುಕೊಟ್ಟ ಗೇಣುದ್ದದ ಕಡ್ಡಿಯನ್ನು ಬೇಲಿಯ ಬುಡದಲ್ಲಿ ನೆಟ್ಟು, ಬೇಸಿಗೆಯಲ್ಲಿ ತಮ್ಮ ಕುಡಿಯುವ ನೀರನ್ನೂ ಅದಕ್ಕೆ ಸುರಿದು ಬೆಳೆಸಿದರು. ಈಗಲೂ ಎಲೆ ಕೀಳುವುದು ಅವರೇ. ಹನ್ನೆರಡು ಕಿಲೋ ಹಸಿ ಎಲೆಯನ್ನು ನೆರಳಲ್ಲಿ ಒಣಗಿಸಿದರೆ ಎರಡೂವರೆ ಕಿಲೋ ಆಗುತ್ತದೆ. ಅದನ್ನು ಪುಡಿ ಮಾಡಿ, ನೆನೆಸಿ, ಸೋಸಿ, ಇಂಗಿಸಿದರೆ ಕೊನೆಗೆ ಕೈಗೆ ಸಿಗುವುದು ಒಂದು ಜಾಮ್ ಬಾಟಲಿಯಷ್ಟು ಕಪ್ಪು ಅಂಟು. "ಮಗಳ ಮದುವೆ ಮಾಡಿದ ಹಾಗೆ. ಅಷ್ಟೆಲ್ಲ ಓಡಾಡಿ ಕೊನೆಗೆ ಕೈಯಲ್ಲಿ ಉಳಿಯೋದು ಇಷ್ಟೇ" ಎಂದು ಅವರು ಬೆರಳು ತೋರಿಸುತ್ತಾರೆ.

ಇನ್ನು ಜೇಬಿನ ಕಥೆ. ಕೆಲಸದ ನಡುವೆ, ಬಾಟಲಿಗಳಿಗೆ ನೀರು ತುಂಬುತ್ತಾ, ಅವರೇ ಹೇಳಿದ್ದು.

ಎಂಟು ವರ್ಷದ ಹಿಂದೆ ಹಳೆಯ ಪಾಲಕರು ನಿವೃತ್ತರಾದರು. ಗಿಡ ನೋಡಿಕೊಂಡವನು ಇಲಿ ನೋಡಿಕೊಳ್ಳಲಾರನೇ ಎಂದು ಮಾಲಿಯನ್ನು ತಂದು ಇಲ್ಲಿ ಕೂರಿಸಿದರು. ಕೆಲಸ ಹೇಳಿಕೊಟ್ಟದ್ದು ಅರ್ಧ ದಿನ. ಪ್ರಯೋಗದ ಹಿಂದಿನ ದಿನ ತಿಂಡಿ ಹಾಕಬೇಡ ಎಂದರು. ಯಾಕೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

"ನಾನು ಏನಂದ್ಕೊಂಡೆ ಗೊತ್ತಾ? ಹೇಗಿದ್ರೂ ನಾಳೆ ಹೋಗೋ ಜೀವ, ಇವಕ್ಕೆ ತಿಂಡಿ ಯಾಕೆ ದಂಡ ಅಂತ ಉಳಿಸ್ತಿದಾರೆ ಅಂದ್ಕೊಂಡೆ. ಇಷ್ಟು ದೊಡ್ಡ ಕಾಲೇಜು, ಎಂಥ ಜಿಪುಣರಪ್ಪ ಅಂತ ಮನಸ್ಸಲ್ಲೇ ಬೈದೆ. ಅವು ಹೀಗೆ ಮೂತಿ ಹಾಕ್ಕೊಂಡು ನೋಡ್ತಾವಲ್ಲ, ಅದನ್ನ ನೋಡೋಕಾಗಲಿಲ್ಲ ನನ್ನ ಕೈಲಿ."

ಹೊಸ ಪಾಲಕರು ಅಂಗಡಿಗೆ ಹೋಗಿ ಬಿಸ್ಕತ್ತು ತಂದರು. ಅಂಗಿಯ ಜೇಬಿನಲ್ಲೊಂದು ಪೊಟ್ಟಣ, ಪ್ಯಾಂಟಿನ ಜೇಬುಗಳಲ್ಲಿ ಒಂದೊಂದು. ಸಂಜೆ ಇಲಿಗೆ ಅರ್ಧ ಬಿಸ್ಕತ್ತು, ಬೆಳಿಗ್ಗೆ ಇನ್ನರ್ಧ. ನಲವತ್ತೆಂಟಕ್ಕೂ ಸಮ ಪಾಲು. "ಭೇದಭಾವ ಮಾಡಲಿಲ್ಲ ನಾನು. ಚೂರೂ ಬಿಡದೆ ತಿಂದು ಮೂತಿ ಒರೆಸ್ಕೊಂಡು ಕೂತ್ಕೊಳ್ಳೋವು, ನನ್ನ ಹಾಗೇ ಕಳ್ಳ ನನ್ಮಕ್ಕಳು."

ಆಗ ಮೇಡಂ ಇನ್ನೂ ಸಂಶೋಧನಾ ವಿದ್ಯಾರ್ಥಿನಿ. ಮೊದಲ ಪ್ರಯೋಗದಲ್ಲಿ ಬಳ್ಳಿಯ ಸಾರ ಕುಡಿದ ಇಲಿಗಳ ಹೊಟ್ಟೆ ಚೆನ್ನಾಗಿತ್ತು. ಬರೀ ನೀರು ಕುಡಿದು ಮಾತ್ರೆ ನುಂಗಿದವುಗಳ ಹೊಟ್ಟೆಯೂ ಅಷ್ಟೇ ಚೆನ್ನಾಗಿತ್ತು. ಮಾತ್ರೆಯಿಂದ ಯಾರಿಗೂ ಗಾಯವೇ ಆಗಿಲ್ಲ, ಬಳ್ಳಿ ಇನ್ನು ಕಾಯುವುದೇನನ್ನು? ತಕ್ಕಡಿಯನ್ನು ದೂರಿದರು, ಮಾತ್ರೆಯ ಪುಡಿಯನ್ನು ದೂರಿದರು, ಆ ಹುಡುಗಿಯ ಕೈಯನ್ನೂ ದೂರಿದರು. ಮೂರು ತಿಂಗಳು ಬಿಟ್ಟು ಎಲ್ಲವನ್ನೂ ಹೊಸದಾಗಿ ಮಾಡಿದರು. ಇಲಿಮಾವನೂ ಹೊಸದಾಗಿ ಮೂರು ಪೊಟ್ಟಣ ತಂದರು. ಫಲಿತಾಂಶ ಮತ್ತೆ ಅದೇ.

ವಿಭಾಗದ ದೊಡ್ಡ ಮೇಷ್ಟ್ರು ಸಿಡುಕಿಗೆ ಹೆಸರಾದವರು. ಆ ಬಳ್ಳಿ ಬಿಡು, ಬೇರೆ ವಿಷಯ ಹುಡುಕು ಎಂದುಬಿಟ್ಟರು. ಮೂರು ವರ್ಷದ ಕೆಲಸ ನೀರುಪಾಲು. ಹುಡುಗಿ ಇಲಿಮನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಯಾಕಮ್ಮಾ ಅಳ್ತೀಯ ಅಂತ ಕೇಳಿದೆ. ಅದು ಬಿಕ್ಕುತ್ತಾ ಬಿಕ್ಕುತ್ತಾ ಎಲ್ಲ ಹೇಳ್ತು. ಖಾಲಿ ಹೊಟ್ಟೆ ಯಾಕೆ ಬೇಕು ಅನ್ನೋದೂ ಹೇಳ್ತು. ಆಗ ಗೊತ್ತಾಯ್ತು ನೋಡಿ ನನಗೆ. ಬಳ್ಳಿ ನೆಟ್ಟವನೂ ನಾನೇ, ಅದರ ಬುಡಕ್ಕೆ ಕೊಡಲಿ ಹಾಕಿದವನೂ ನಾನೇ."

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲಸ ಆಗ ಕಾಯಂ ಆಗಿರಲಿಲ್ಲ, ಮನೆಯಲ್ಲಿ ತಾಯಿ ಆಸ್ಪತ್ರೆಯಿಂದ ಬಂದು ಆರು ತಿಂಗಳಾಗಿತ್ತಷ್ಟೆ. ಒಂದು ಇಡೀ ದಿನ ಒದ್ದಾಡಿದರು. ಮಾರನೇ ದಿನ ಉಳಿದಿದ್ದ ಅರ್ಧ ಪೊಟ್ಟಣ ಬಿಸ್ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ದೊಡ್ಡ ಮೇಷ್ಟ್ರ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟರು.

"ಏನಿದು?" ಎಂದರಂತೆ ಮೇಷ್ಟ್ರು.

"ನಿಮ್ಮ ಇಲಿಗಳು ತಿಂದು ಉಳಿದಿದ್ದು, ಸಾರ್" ಎಂದರಂತೆ ಇವರು.

ಬೈಗುಳದ ಮಳೆ ಸುರಿಯುತ್ತದೆಂದು ಇವರು ಕಣ್ಣು ಮುಚ್ಚಿಕೊಂಡಿದ್ದರೆ, ಮೇಷ್ಟ್ರು ಪೆನ್ನು ತೆಗೆದು, ಯಾವ ಇಲಿಗೆ, ಎಷ್ಟು, ಎಷ್ಟು ಹೊತ್ತಿಗೆ ಎಂದು ಕೇಳತೊಡಗಿದರು. ಇವರು ಒಂದೊಂದು ಇಲಿಯ ಲೆಕ್ಕವನ್ನೂ ತಪ್ಪದೆ ಒಪ್ಪಿಸಿದರು. ಕೊನೆಗೆ ಮೇಷ್ಟ್ರು ಪೆನ್ನು ಮುಚ್ಚಿ, "ಇಷ್ಟು ನಿಯತ್ತಾಗಿ ತಪ್ಪು ಮಾಡಿದವನನ್ನ ನಾನು ನೋಡಿಲ್ಲ. ಇನ್ಮೇಲೆ ಉಪವಾಸದ ಜವಾಬ್ದಾರಿ ಪೂರ್ತಿ ನಿನ್ನದೇ" ಎಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ಅವತ್ತು ಸಂಜೆಯೇ ಇಲಿಮಾವ ಮನೆಗೆ ಹೋಗಿ ಹೆಂಡತಿಯ ಮುಂದೆ ಅಂಗಿಗಳನ್ನೆಲ್ಲ ಗುಡ್ಡೆ ಹಾಕಿ, "ಜೇಬು ಕಿತ್ತುಬಿಡು" ಎಂದರು.

ಮೂರನೇ ಪ್ರಯೋಗ ನಡೆಯಿತು. ಈ ಸಲ ಬರೀ ನೀರು ಕುಡಿದವುಗಳ ಹೊಟ್ಟೆಯ ತುಂಬ ಕೆಂಪು ಗೀರುಗಳು, ಬಳ್ಳಿಯ ಸಾರ ಕುಡಿದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಹುಡುಗಿಗೆ ಡಾಕ್ಟರೇಟ್ ಬಂತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಳೆದ ವರ್ಷ ಅವರು ಇದೇ ಕಾಲೇಜಿಗೆ ಅಧ್ಯಾಪಕಿಯಾಗಿ ಬಂದು, ಬಳ್ಳಿಯ ಕೆಲಸವನ್ನು ಮುಂದಕ್ಕೆ ಒಯ್ಯಲು ಅನುಮತಿ ಕೇಳಿದಾಗ ಪರಿಶೀಲನಾ ಸಮಿತಿಯವರು ಹಳೆಯ ಕಡತ ತಿರುವಿ ಹಾಕಿ ಹುಬ್ಬು ಗಂಟಿಕ್ಕಿದರು. ಬಿಸ್ಕತ್ತಿನ ಕಾರಣ ಅವರಿಗೆ ಸಾಲಲಿಲ್ಲ. ಮೂರು ಪ್ರಯೋಗದಲ್ಲಿ ಎರಡು ಸಲ ಏನೂ ಕಂಡಿಲ್ಲ, ಒಂದು ಸಲ ಕಂಡದ್ದು ಅದೃಷ್ಟವಿರಬಹುದು. ಇನ್ನೊಮ್ಮೆ ಮಾಡಿ ತೋರಿಸಿ, ಯಾವ ಪಂಜರಕ್ಕೆ ಏನು ಕೊಟ್ಟಿದೆ ಎಂದು ಅಳೆಯುವವರಿಗೂ ಗೊತ್ತಿರಬಾರದು. ಈ ಸಲವೂ ಕಾಣದಿದ್ದರೆ ಬಳ್ಳಿಯ ಕಡತ ಮುಚ್ಚಿಬಿಡಿ ಎಂದರು.

ಆ ಇನ್ನೊಮ್ಮೆ ಎಂಬುದೇ ಇವತ್ತು. ಹಳೆಯ ಬಿಸ್ಕತ್ತಿನ ಋಣ ಇನ್ನೂ ತೀರಿಲ್ಲ.

ಇಲಿಮಾವ ಇಡೀ ಬೆಳಿಗ್ಗೆ ಗಂಭೀರವಾದದ್ದು ಒಂದೇ ಒಂದು ಮಾತಿಗೆ. ಸಂಜೆಯ ಹೊತ್ತಿಗೆ ಈ ನಲವತ್ತೆಂಟೂ ಇರುವುದಿಲ್ಲವಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳಿದೆ.

"ಆಗುತ್ತೆ. ಆಗಲ್ಲ ಅಂದ್ರೆ ಸುಳ್ಳು" ಎಂದು ಬಾಟಲಿ ಕೆಳಗಿಟ್ಟರು. "ಆದ್ರೆ ಒಂದು ಹೇಳ್ತೀನಿ. ಆಗ ಎರಡು ಸಲ ಸೇರಿ ತೊಂಬತ್ತಾರು ಹೋದ್ವು. ಅವುಗಳಿಂದ ಯಾರಿಗೂ ಏನೂ ತಿಳೀಲಿಲ್ಲ, ಸುಮ್ಮನೆ ಹೋದ್ವು. ಪ್ರೀತಿ ಮಾಡ್ತೀನಿ ಅಂತ ಹೋಗಿ ಅವುಗಳ ಜೀವಕ್ಕೆ ಬೆಲೆ ಇಲ್ಲದ ಹಾಗೆ ಮಾಡಿದ್ದು ನಾನು. ಈಗ ಪ್ರೀತಿ ಅಂದ್ರೆ ನನಗೆ ಇದೇ. ಇವು ಹೋಗೋದು ದಂಡ ಆಗಬಾರದು."

ಮೊದಮೊದಲು ಇಲಿಗಳ ಜೊತೆ ತಾವೂ ಉಪವಾಸ ಮಾಡುತ್ತಿದ್ದರಂತೆ. ಒಂದು ದಿನ ಹನ್ನೊಂದು ಗಂಟೆಗೆ ತಲೆ ತಿರುಗಿ ತಿಂಡಿಯ ಚೀಲದ ಮೇಲೇ ಬಿದ್ದರು. ದೊಡ್ಡ ಮೇಷ್ಟ್ರು ಬಂದು, "ನಿನ್ನ ಹೊಟ್ಟೇನ ಯಾರೂ ಅಳೆಯಲ್ಲಪ್ಪ, ಹೋಗಿ ತಿನ್ನು" ಎಂದ ಮೇಲೆ ಆ ಸಾಹಸ ನಿಂತಿತು.

ಎಂಟು ಗಂಟೆಗೆ ಮೇಡಂ ಮತ್ತು ಅವರ ಇಬ್ಬರು ಸಹಾಯಕಿಯರು ಬರುತ್ತಾರೆ. ಹನ್ನೆರಡು ಬಾಟಲಿಗಳ ಮೇಲೆ ಬರೀ ಅಂಕಿಗಳಿವೆ. ಯಾವುದರಲ್ಲಿ ನೀರು, ಯಾವುದರಲ್ಲಿ ಬಳ್ಳಿಯ ಸಾರ, ಯಾವುದರಲ್ಲಿ ಈಗಾಗಲೇ ಬಳಕೆಯಲ್ಲಿರುವ ಹೊಟ್ಟೆಯ ಔಷಧಿ ಎಂದು ಬೇರೆ ವಿಭಾಗದ ಒಬ್ಬರು ಬರೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿದ್ದಾರೆ. ಇಲಿಯನ್ನು ಹಿಡಿದುಕೊಡುವುದು ಇಲಿಮಾವ. ಅವರ ಎಡ ಅಂಗೈಯಲ್ಲಿ ಕೂತ ಇಲಿ ಕೊಸರಾಡುವುದಿಲ್ಲ. ಸಹಾಯಕಿ ತುದಿ ಗುಂಡಗಿರುವ ಸಣ್ಣ ಕೊಳವೆಯಿಂದ ಸಾರವನ್ನು ನೇರ ಹೊಟ್ಟೆಗಿಳಿಸುತ್ತಾಳೆ. ಒಂದು ಗಂಟೆ ಬಿಟ್ಟು ಅದೇ ಕೊಳವೆಯಲ್ಲಿ ಮಾತ್ರೆಯ ದ್ರಾವಣ. ಆಮೇಲೆ ಆರು ಗಂಟೆ ಕಾಯಬೇಕು.

ಅಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿದೆ. ನಾಲ್ಕು ಗಂಟೆಗೆ ಎದ್ದವನಿಗೆ ತಲೆನೋವು ಬಂದು, ಬರೀ ಚಹಾದ ಜೊತೆ ಒಂದು ಮಾತ್ರೆ ನುಂಗಿ ಬಂದಿದ್ದೆ. ಹೊರಗಿಟ್ಟ ಚೀಲದಲ್ಲಿದ್ದ ಇನ್ನೊಂದನ್ನು ತೆಗೆದುಕೊಳ್ಳೋಣ ಎಂದು ನೀರು ಕೇಳಿದೆ, ಅಷ್ಟೇ.

"ಖಾಲಿ ಹೊಟ್ಟೇಲಾ?" ಇಲಿಮಾವನ ಧ್ವನಿ ಇಡೀ ದಿನದಲ್ಲಿ ಏರಿದ್ದು ಆಗ ಒಮ್ಮೆಯೇ. "ಬೆಳಿಗ್ಗೆಯಿಂದ ನಿಮಗೆ ಏನು ತೋರಿಸ್ತಿದೀನಿ ನಾನು? ನಡೀರಿ ಮನೆಗೆ!"

ಹೇಗಿದ್ದರೂ ಹನ್ನೊಂದಕ್ಕೆ ಅವರು ಮನೆಗೆ ಹೋಗಲೇಬೇಕು. ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದ ಮಂಚದ ಮೇಲೆ ಅವರ ತಾಯಿ ಕಾಲು ಚಾಚಿ ಕೂತಿದ್ದಾರೆ. ಎಂಬತ್ತೊಂದು ವರ್ಷ, ಮಂಡಿ ಎರಡೂ ಸವೆದಿವೆ, ನಾಲಿಗೆ ಮಾತ್ರ ಚೂರೂ ಸವೆದಿಲ್ಲ.

ಈ ಅಜ್ಜಿ ಒಂದು ಕಾಲದಲ್ಲಿ ಮಂಡಿನೋವಿಗೆ ಮಾತ್ರೆಗಳನ್ನು ಕಡಲೆ ತಿಂದ ಹಾಗೆ ತಿನ್ನುತ್ತಿದ್ದರು. ಎದ್ದ ಕೂಡಲೇ ಒಂದು, ಹಲ್ಲುಜ್ಜಿ ಒಂದು. ಕೊನೆಗೆ ಒಂದು ದಿನ ರಕ್ತ ಕಾರಿ, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಈಗ ಡಾಕ್ಟರು ಕೊಟ್ಟಿರುವುದು ದಿನಕ್ಕೊಂದೇ ಮಾತ್ರೆ, ಅದೂ ಊಟವಾದ ಮೇಲೆ. ಮಗ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, ತಟ್ಟೆ ಖಾಲಿಯಾಗುವ ತನಕ ಕದಲುವುದಿಲ್ಲ.

"ಸಾಕು ಕಣೋ, ಹೊಟ್ಟೆ ತುಂಬ್ತು."

"ತಟ್ಟೇಲಿ ಇನ್ನೂ ನಾಲ್ಕು ತುತ್ತಿದೆ."

"ನೋಡಿ ಸ್ವಾಮಿ" ಎಂದು ಅಜ್ಜಿ ನನ್ನ ಕಡೆ ತಿರುಗುತ್ತಾರೆ. "ಅಲ್ಲಿ ತಿನ್ನದ ಹಾಗೆ ಕಾಯ್ತಾನೆ, ಇಲ್ಲಿ ತಿನ್ನೋ ಹಾಗೆ ಕಾಯ್ತಾನೆ. ಇವನ ಕೈಗೆ ಸಿಕ್ಕಿದ ಯಾವ ಹೊಟ್ಟೆಗೂ ಸ್ವಾತಂತ್ರ್ಯ ಇಲ್ಲ!"

ನನ್ನ ಮುಂದೆಯೂ ಒಂದು ತಟ್ಟೆ ಬರುತ್ತದೆ. ಬೇಡ ಎನ್ನುವ ಧೈರ್ಯ ನನಗಿಲ್ಲ. ತಿನ್ನುತ್ತಾ ಗೋಡೆಯ ಮೇಲೆ ಕಣ್ಣಾಡಿಸಿದರೆ, ಅಜ್ಜಿಯ ತಲೆಯ ಹತ್ತಿರ ಒಂದು ವಿಚಿತ್ರ ಬಟ್ಟೆ ತೂಗುಹಾಕಿದೆ. ಅದರ ತುಂಬ ಜೇಬುಗಳು. ನೀಲಿಯದೊಂದು, ಗೆರೆಯದೊಂದು, ಚೌಕುಳಿಯದೊಂದು. ಗಂಡನ ಅಂಗಿಗಳಿಂದ ಕಿತ್ತ ಜೇಬುಗಳನ್ನೆಲ್ಲ ಹೆಂಡತಿ ಒಂದು ಹಳೆಯ ಪರದೆಗೆ ಹೊಲಿದಿದ್ದಾರೆ. ಏಳು ಜೇಬಿನ ಮೇಲೆ ಏಳು ವಾರಗಳ ಹೆಸರು, ಒಂದೊಂದರಲ್ಲಿ ಆ ದಿನದ ಮಾತ್ರೆ. "ಕಿತ್ತು ಬಿಸಾಡೋಕೆ ಮನಸ್ಸು ಬರಲಿಲ್ಲ. ಒಳ್ಳೇ ಬಟ್ಟೆ" ಎಂದು ಆಕೆ ನಾಚಿಕೊಳ್ಳುತ್ತಾರೆ.

ಎಂಟನೆಯ ಜೇಬು ದೊಡ್ಡದು. ಅದರಿಂದ ಒಂದು ಲಕೋಟೆಯ ಅಂಚು ಇಣುಕುತ್ತಿದೆ. ಕೆಂಪು ಅರಗು!

ಹೌದು, ಅದೇ ಲಕೋಟೆ. ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಕಾಲೇಜಿನ ಕಪಾಟಿನ ಹೆಸರು ಹೇಳಿದವರು ಇದ್ದರು. ಮೇಡಂ ಒಪ್ಪಲಿಲ್ಲ. ಯಾರೂ ಕೇಳದೆಯೇ ತನ್ನ ತಪ್ಪನ್ನು ತಾನೇ ತಂದು ಮೇಜಿನ ಮೇಲಿಟ್ಟವರ ಹತ್ತಿರ ಇರಲಿ ಎಂದರು. ಇಲಿಮಾವನಿಗೋ ಜೇಬಿಲ್ಲ. ಒಂಬತ್ತು ದಿನದಿಂದ ಅಜ್ಜಿಯೇ ಅದರ ಕಾವಲು. ಸೊಸೆ ಧೂಳು ಹೊಡೆಯಲು ಬಂದರೂ "ದೂರ, ದೂರ" ಎನ್ನುತ್ತಾರಂತೆ. ಸಂಜೆ ಫಲಿತಾಂಶ ಫೋನಿನಲ್ಲಿ ಹೇಳುತ್ತೇನೆಂದು ಮಗನಿಂದ ಮೂರು ಸಲ ಮಾತು ತೆಗೆದುಕೊಂಡ ಮೇಲೆಯೇ ಅವರು ಲಕೋಟೆಯನ್ನು ಕೈಗಿತ್ತದ್ದು.

ಮಧ್ಯಾಹ್ನ ಮೂರೂವರೆಗೆ ಒಳಕೋಣೆಯಲ್ಲಿ ಕೆಲಸ ಶುರುವಾಗುತ್ತದೆ. ಇಲಿಗಳಿಗೆ ನೋವಾಗದಂತೆ ಮೊದಲು ಮಂಪರು ಬರಿಸುತ್ತಾರೆ. ಇಲಿಮಾವ ಕೊನೆಯ ಇಲಿಯ ತನಕ ಅಲ್ಲೇ ಇದ್ದು, ಒಂದೊಂದನ್ನೂ ಅಂಗೈಯಲ್ಲಿ ತಂದುಕೊಡುತ್ತಾರೆ. ಅವರ ತುಟಿ ಅಲ್ಲಾಡುತ್ತದೆ, ಏನು ಹೇಳುತ್ತಾರೋ ನನಗೆ ಕೇಳಿಸುವುದಿಲ್ಲ. ಆಮೇಲೆ ಹೊರಗೆ ಬಂದು ಖಾಲಿ ಪಂಜರಗಳನ್ನು ತೊಳೆಯಲು ಕೂರುತ್ತಾರೆ. ಒಳಗೆ ಇಬ್ಬರು ಸಹಾಯಕಿಯರು ಬೇರೆ ಬೇರೆ ಮೇಜಿನಲ್ಲಿ ಭೂತಕನ್ನಡಿ ಹಿಡಿದು ಹೊಟ್ಟೆಯ ಒಳಗೋಡೆಯ ಗಾಯಗಳನ್ನು ಎಣಿಸಿ ಅಳೆಯುತ್ತಾರೆ. ಇಬ್ಬರ ಲೆಕ್ಕವನ್ನೂ ಕೂಡಿಸಿ ಹಲಗೆಯ ಮೇಲೆ ಹನ್ನೆರಡು ಅಂಕಿಗಳನ್ನು ಬರೆಯುವಾಗ ಐದೂ ಮುಕ್ಕಾಲು.

ಮೇಡಂ ಇಲಿಮಾವನನ್ನು ಒಳಗೆ ಕರೆಯುತ್ತಾರೆ. "ಮಾವ, ನೀವೇ ಒಡೆಯಿರಿ."

"ಒದ್ದೆ ಕೈ, ಮೇಡಂ" ಎಂದು ಅಂಗಿಗೆ ಕೈ ಒರೆಸಿಕೊಂಡು, ಅರಗನ್ನು ಉಗುರಿನಿಂದ ಎಬ್ಬಿಸುತ್ತಾರೆ. ಹಾಳೆಯನ್ನು ಓದಲು ಹೋಗದೆ ಹಾಗೆಯೇ ಮೇಡಂ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗುತ್ತಾರೆ.

ಮೇಡಂ ಓದುತ್ತಾರೆ. ಬರೀ ನೀರು, ಮೂರು ಮತ್ತು ಹನ್ನೊಂದನೇ ಪಂಜರ. ಹಲಗೆಯ ಮೇಲೆ ಅತಿ ಹೆಚ್ಚು ಗಾಯ ಇರುವುದು ಆ ಎರಡರಲ್ಲೇ. ಬಳ್ಳಿಯ ಸಾರ ಕಡಿಮೆ ಕೊಟ್ಟವುಗಳಲ್ಲಿ ಅಂಥ ವ್ಯತ್ಯಾಸವಿಲ್ಲ. ನಡುವಿನ ಪ್ರಮಾಣದಲ್ಲಿ ಗಾಯ ಅರ್ಧಕ್ಕಿಳಿದಿದೆ. ಹೆಚ್ಚು ಕೊಟ್ಟದ್ದು ಐದು ಮತ್ತು ಎಂಟನೇ ಪಂಜರ. ಹಲಗೆಯಲ್ಲಿ ಐದು ಮತ್ತು ಎಂಟರ ಮುಂದಿರುವ ಅಂಕಿಗಳನ್ನು ನೋಡಿ ಕಿರಿಯ ಸಹಾಯಕಿ ಕಿಟಾರನೆ ಕಿರುಚುತ್ತಾಳೆ. ಗಾಯ ಇಲ್ಲವೆನ್ನುವಷ್ಟು ಕಡಿಮೆ. ಬಳಕೆಯಲ್ಲಿರುವ ಔಷಧಿಗಿಂತ ಒಂದು ಕೂದಲೆಳೆಯಷ್ಟೇ ಹಿಂದೆ.

ಮೇಡಂ ನಗುತ್ತಲೂ ಇದ್ದಾರೆ, ಕಣ್ಣೊರೆಸಿಕೊಳ್ಳುತ್ತಲೂ ಇದ್ದಾರೆ. ನಡುವೆ ನನ್ನ ಕಡೆ ಬೆರಳು ತೋರಿಸಿ, "ಬರೀ ಇಲಿ ಹೊಟ್ಟೆ ಅಂತ ದಪ್ಪ ಅಕ್ಷರದಲ್ಲಿ ಬರೀರಿ, ಮನುಷ್ಯರ ತನಕ ಹೋಗೋಕೆ ಇನ್ನೂ ವರ್ಷಗಟ್ಟಲೆ ಕೆಲಸ ಇದೆ" ಎಂದು ಎಚ್ಚರಿಸುವುದನ್ನು ಮರೆಯುವುದಿಲ್ಲ. ಬರೆದಿದ್ದೇನೆ. ಇಲಿಮಾವ ಮಾತ್ರ ಗೋಡೆ ಬಿಟ್ಟು ಕದಲಿಲ್ಲ. ಅಲ್ಲಿಂದಲೇ, "ಹಾಗಾದ್ರೆ ನನ್ನ ಬಿಸ್ಕತ್ತಿಂದು ತೀರ್ತಾ ಮೇಡಂ?" ಎನ್ನುತ್ತಾರೆ.

"ತೀರ್ತು, ಮಾವ. ಪೂರ್ತಿ ತೀರ್ತು."

ಅವರು ತಲೆಯಾಡಿಸಿ ಮುಖ ಆ ಕಡೆ ತಿರುಗಿಸುತ್ತಾರೆ. ನಾನೂ ಕಿಟಕಿಯ ಹೊರಗೆ ನೋಡುತ್ತೇನೆ. ಬೇಲಿಯ ಮೇಲೆ ಬಳ್ಳಿ ತನ್ನ ಪಾಡಿಗೆ ತಾನು ಹಬ್ಬಿಕೊಂಡಿದೆ. ಇಂಥ ಸಂತೋಷವನ್ನು ಇಷ್ಟು ಹತ್ತಿರದಿಂದ ನೋಡಲು ಸಿಕ್ಕಿದ್ದು ನನ್ನ ಭಾಗ್ಯ ಎನಿಸುತ್ತದೆ.

ಫೋನು ಮಾಡಿದರೆ ಮೊದಲ ಗಂಟೆಗೇ ಅಜ್ಜಿ ಎತ್ತುತ್ತಾರೆ. "ನಮ್ಮ ಬಳ್ಳಿ ಪಾಸಾಯ್ತೇನೋ?" ಎಂಬ ಕೂಗು ಇಡೀ ಕೋಣೆಗೆ ಕೇಳುತ್ತದೆ. ಆಯಿತು ಎಂದ ಮೇಲೆ, "ಬೇಗ ಔಷಧಿ ಮಾಡೋಕೆ ಹೇಳು ಆ ಹುಡುಗಿಗೆ. ನನಗೇನು ವಯಸ್ಸು ಹಿಂದಕ್ಕೆ ಹೋಗ್ತಿದೆಯಾ?" ಎಂದು ಫೋನಿಡುತ್ತಾರೆ.

ಮೇಡಂ ತಮ್ಮ ಕೋಣೆಯಿಂದ ಒಂದು ಪೊಟ್ಟಣ ತರುತ್ತಾರೆ. ಬಿಚ್ಚಿದರೆ ತಿಳಿನೀಲಿಯ ಹೊಸ ಅಂಗಿ. ಎಡ ಎದೆಯ ಮೇಲೆ ಅಗಲವಾದ ಜೇಬು.

"ಎಂಟು ವರ್ಷ ಆಯ್ತು ಮಾವ. ಇನ್ಮೇಲೆ ಜೇಬಿರೋ ಅಂಗೀನೇ ಹಾಕ್ಕೊಳ್ಳಿ. ನಿಮ್ಮ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ."

ಇಲಿಮಾವ ಬಟ್ಟೆಯನ್ನು ಸವರಿ ನೋಡುತ್ತಾರೆ. ಜೇಬಿನೊಳಗೆ ಎರಡು ಬೆರಳಿಟ್ಟು ಆಳ ನೋಡುತ್ತಾರೆ. ಆಮೇಲೆ ಅಂಗಿಯನ್ನು ಮಡಿಕೆ ಕೆಡದಂತೆ ಮಡಚಿ ಮೇಡಂ ಕೈಗೇ ವಾಪಸ್ ಕೊಡುತ್ತಾರೆ.

"ನಿಮಗೆ ನಂಬಿಕೆ ಇದೆ ಮೇಡಂ, ನನಗೆ ನನ್ನ ಕೈ ಮೇಲೆ ನಂಬಿಕೆ ಇಲ್ಲ. ಅವು ಮೂತಿ ಹಾಕ್ಕೊಂಡು ನೋಡ್ತಾವಲ್ಲ, ಇವತ್ತು ಬೆಳಿಗ್ಗೇನೂ ಕೈ ತಾನಾಗೇ ಎದೆ ಹತ್ರ ಹೋಯ್ತು. ಜೇಬಿರಲಿಲ್ಲ, ಬಚಾವಾದೆ" ಎಂದು ನಗುತ್ತಾರೆ. "ಇದು ನಿಮ್ಮ ಹತ್ರಾನೇ ಇರಲಿ. ಇನ್ನು ನಾಲ್ಕು ವರ್ಷಕ್ಕೆ ನನಗೆ ರಿಟೈರು. ಅವತ್ತೊಂದು ದಿನ ಮಾತ್ರ ಯಾವ ಪ್ರಯೋಗಾನೂ ಇಟ್ಕೋಬೇಡಿ. ಇದನ್ನೇ ಹಾಕ್ಕೊಂಡು, ಜೇಬು ಹರಿಯೋ ಹಾಗೆ ಬಿಸ್ಕತ್ತು ತುಂಬ್ಕೊಂಡು ಬರ್ತೀನಿ. ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ತೀನಿ. ಆಮೇಲೆ ನೋಡಿ, ಒಂದು ಪಂಜರಾನೂ ಬಿಡಲ್ಲ."